ಕಾರವಾರ ಹತ್ರದ ಅರ್ಗಾ ನೇವಲ್ ಬೇಸ್ ಕೆಲ್ಸದ ವೆರಿಫಿಕೇಶನ್ ಫಾರ್ಮ್ ಬಗ್ಗೆ

ಅಣ್ಣ ದುಬೈಲಿದಾನೆ, ಹಿಂದೆ ಒಂದು ಸರ್ಕಾರಿ ಫಾರ್ಮಲ್ಲಿ ಕಾಲೇಜಿನ ಗಲಾಟೆ ಕೇಸ್ ಬರೀಲಿಲ್ಲ, ಈಗ ಏನ್ ಮಾಡ್ಲಿ ಅಂತ ಕೇಳಿದೀರಲ್ಲ, ದಯವಿಟ್ಟು ಎರಡನ್ನೂ ಬರೀರಿ. ಅಣ್ಣನ ವಿಷ್ಯಕ್ಕೆ ಅಷ್ಟು ಹೆದರ್ಬೇಡಿ, ನಮ್ಮ ಕರಾವಳಿಲಿ ಗಲ್ಫಲ್ಲಿ ಜನ ಇರೋ ಮನೆಗಳು ಎಷ್ಟೋ ಇವೆ. ಅಂಕೋಲಾದಲ್ಲಿ ನಮ್ಮ ಭಾವನ ವೆರಿಫಿಕೇಶನ್‌ಗೆ ಬಂದ ಪೊಲೀಸ್ರು ಜಗಲಿ ಮೇಲೆ ಕೂತು ಮಸ್ಕತ್ತಲ್ಲಿರೋ ತಂಗಿ ಬಗ್ಗೆ ಕೇಳಿದ್ರು, ಇವ್ನು ಫಾರ್ಮಲ್ಲಿ ಬರ್ದಿದ್ದೇ ಹೇಳ್ದ, ಚಾ ಕುಡ್ದು ಎದ್ದು ಹೋದ್ರು ಅಷ್ಟೇ.

ಕೇಸ್ ವಿಷ್ಯ ಹಾಗಲ್ಲ. ಸುಳ್ಳು ಬರೆದ್ರೆ, ಮುಚ್ಚಿಟ್ರೆ ಅನರ್ಹ ಅಂತ ವೆರಿಫಿಕೇಶನ್‌ಗೆ ತುಂಬೋ ಈ ಅಟೆಸ್ಟೇಶನ್ ಫಾರ್ಮಲ್ಲೇ ಎಚ್ಚರಿಕೆ ಅಚ್ಚಾಗಿರುತ್ತೆ, ಸೇರಿದ್ಮೇಲೆ ಗೊತ್ತಾದ್ರೂ ತೆಗೀಬಹುದು. 2016ರ ಅವತಾರ್ ಸಿಂಗ್ ತೀರ್ಪಲ್ಲಿ ಸುಪ್ರೀಂ ಕೋರ್ಟ್, ಚಿಕ್ಕ ವಯಸ್ಸಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸ್ ಮುಚ್ಚಿಟ್ಟಿದ್ರೆ ಇಲಾಖೆ ಕ್ಷಮಿಸ್ಬಹುದು ಅಂದಿದೆ, ಆದ್ರೆ ನಿಜ ಬರೆದ್ರೂ ಕೆಲ್ಸ ಕೊಡ್ಲೇಬೇಕು ಅಂತಿಲ್ಲ ಅಂತಾನೂ ಹೇಳಿದೆ, ಅದನ್ನ ನಿಮ್ಮಿಂದ ಮುಚ್ಚಿಡೋಕೆ ನಂಗೆ ಮನಸ್ಸಿಲ್ಲ. ನಿಮ್ಮ ಕೇಸ್ ನಡೆದ ಕೋರ್ಟಿಂದ ಅದರ ತೀರ್ಪಿನ ಸರ್ಟಿಫೈಡ್ ಕಾಪಿ ತಗೊಂಡು ಫಾರ್ಮ್ ಜೊತೆ ಇಡಿ, ಹಿಂದೆ ಬರೀದೇ ಬಿಟ್ಟಿದ್ದನ್ನೂ ಒಂದು ಪತ್ರದಲ್ಲಿ ಒಪ್ಕೊಳ್ಳಿ, ಅದಕ್ಕೂ ಮೊದ್ಲು ಕಾರವಾರದಲ್ಲೇ ಒಬ್ರು ವಕೀಲ್ರಿಗೆ ಒಂದ್ಸಲ ತೋರ್ಸಿ.