ಡಿಕ್ಕಿಯಲ್ಲಿ ಚಾವಿ, ಹೊರಗೆ ನಾವು: ಸ್ಕೇಲ್ ಹಾಕಿಸುವ ಮುಂಚೆ ಇದನ್ನು ಓದಿ

ಪ್ರಶ್ನೆ: ನಾವು ಕಲಬುರಗಿಯವರು. ಹೋದ ತಿಂಗಳು ಗಾಣಗಾಪುರಕ್ಕೆ ಹೋಗಿದ್ದೆವು. ಸಂಗಮದಲ್ಲಿ ಸ್ನಾನಕ್ಕೆ ಇಳಿಯುವ ಮುಂಚೆ ಅಂಗಿ ಬಿಚ್ಚಿ ಡಿಕ್ಕಿಯಲ್ಲಿಟ್ಟು ಮುಚ್ಚಿದೆ. ಚಾವಿ ಅಂಗಿಯ ಜೇಬಿನಲ್ಲೇ ಇತ್ತು! ಡೋರ್ ಎಲ್ಲಾ ಲಾಕ್. ಅಲ್ಲಿದ್ದ ಒಬ್ಬರು ಎಡಗಡೆ ಕಿಟಕಿಯ ಸಂದಿಯಲ್ಲಿ ಸ್ಕೇಲ್ ಇಳಿಸಿ ಹೇಗೋ ತೆಗೆದುಕೊಟ್ಟರು. ಆವತ್ತಿನಿಂದ ಆ ಕಿಟಕಿಯ ಗ್ಲಾಸ್ ಇಳಿಯುತ್ತಿಲ್ಲ. ಏನಾಗಿರಬಹುದು ಸರ್? ಮತ್ತೆ ಹೀಗಾದರೆ ಏನು ಮಾಡಬೇಕು?

ಉತ್ತರ: ಸ್ಕೇಲ್ ವಿದ್ಯೆ ಮಾರುತಿ 800, ಓಮ್ನಿ ಕಾಲದ್ದು. ಆಗ ಡೋರಿನ ಒಳಗೆ ಒಂದೆರಡು ಕಂಬಿ ಬಿಟ್ಟರೆ ಜಾಸ್ತಿ ಏನೂ ಇರುತ್ತಿರಲಿಲ್ಲ. ಈಗ ಪವರ್ ವಿಂಡೋ ಮೋಟರ್, ಸೆಂಟ್ರಲ್ ಲಾಕ್, ಸ್ಪೀಕರ್, ಎಲ್ಲದರ ವೈರೂ ಅಲ್ಲೇ ಹೋಗುತ್ತದೆ. ನಿಮ್ಮ ಕಾರಿನಲ್ಲಿ ವೈರ್ ಹರಿದಿರಬಹುದು, ಕನೆಕ್ಟರ್ ಕಳಚಿರಬಹುದು, ಇಲ್ಲವೇ ಗ್ಲಾಸ್ ತನ್ನ ರಬ್ಬರ್ ಬಿಟ್ಟು ಸರಿದಿರಬಹುದು. ಡೋರ್ ಪ್ಯಾಡ್ ಬಿಚ್ಚಿದರೆ ಗೊತ್ತಾಗುತ್ತದೆ. ಅಲ್ಲಿವರೆಗೆ ಸುಮ್ನೆ ಸ್ವಿಚ್ ಒತ್ತುತ್ತಾ ಇರಬೇಡಿ, ಮೋಟರ್ ಸುಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಆರದೆ ಉರಿಯುತ್ತಿದ್ದರೆ ಮಾತ್ರ ಹೊರಗಿನ ಗ್ಯಾರೇಜ್ ಬೇಡ, ಕಂಪನಿ ಸರ್ವಿಸ್ ಸೆಂಟರಿಗೇ ಒಯ್ಯಿರಿ. ಕೆಲವು ಕಾರುಗಳಲ್ಲಿ ಅದರ ಸೆನ್ಸರ್ ಡೋರಿನಲ್ಲೇ ಇರುತ್ತದೆ.

ಇನ್ನು ಮುಂದಿನ ಮಾತು. ಕಾರು ಲಾಕ್ ಆದಾಗ ಮೊದಲು ಒಳಗೆ ಯಾರಾದರೂ ಇದ್ದಾರಾ ನೋಡಿ. ಯಾರೂ ಇಲ್ಲದಿದ್ದರೆ ಯಾವ ಅವಸರವೂ ಇಲ್ಲ. ಗಾಣಗಾಪುರ ಕಲಬುರಗಿಯಿಂದ ಸುಮಾರು 40 ಕಿ.ಮೀ. ಯಾರದಾದರೂ ಫೋನ್ ಇಸಕೊಂಡು ಮನೆಗೆ ಮಾತಾಡಿ, ಎರಡನೇ ಚಾವಿ ತರಿಸಿ. ತಮ್ಮನೋ ಅಳಿಯನೋ ಬೈಕ್ ಮೇಲೆ ಬಂದರೆ ಒಂದೂವರೆ ತಾಸು. ಅಲ್ಲಿತನಕ ದರ್ಶನ ಮುಗಿಸಿ ಬರಬಹುದು, ಅಲ್ವಾ? ಇದಕ್ಕಿಂತ ಅಗ್ಗದ ದಾರಿ ಇಲ್ಲ. ಊರು ದೂರ ಇದ್ದರೆ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿ. ಹೊಸ ಕಾರಿಗೆ ಕಂಪನಿಯೇ ಕೊಟ್ಟಿರುತ್ತದೆ, ಇನ್ಶೂರೆನ್ಸ್ ಜೊತೆಗೂ ತೆಗೆದುಕೊಂಡಿರಬಹುದು. ಆ ನಂಬರ್ ಹೆಂಡತಿಯ ಫೋನಿನಲ್ಲೂ ಇರಲಿ. ಬ್ಲೂಲಿಂಕ್, ಕಿಯಾ ಕನೆಕ್ಟ್ ತರಹದ ಆ್ಯಪ್ ಇದ್ದ ಕಾರನ್ನು ಫೋನಿನಿಂದಲೇ ತೆಗೆಯಬಹುದು. ಆದರೆ ಆ ಫೋನೂ ಡಿಕ್ಕಿಯಲ್ಲೇ ಉಳಿದರೆ ಆ್ಯಪ್ ಏನು ಮಾಡೀತು!

ಒಂದು ಎಚ್ಚರಿಕೆ: ರಸ್ತೆ ಬದಿ ಮಾಡಿಸಿದ ಚಿಪ್ ಇಲ್ಲದ ಡೂಪ್ಲಿಕೇಟ್ ಚಾವಿ ಡೋರ್ ತೆಗೆಯುತ್ತದೆ, ಗಾಡಿ ಸ್ಟಾರ್ಟ್ ಮಾಡುವುದಿಲ್ಲ. ಬಾಗಿಲು ತೆಗೆದು ಒಳಗಿನ ಚಾವಿ ತೆಗೆದುಕೊಳ್ಳಲು ಅಷ್ಟು ಸಾಕು.

ಒಳಗೆ ಮಗು ಇದ್ದರೆ ಇದ್ಯಾವುದೂ ಲೆಕ್ಕಕ್ಕಿಲ್ಲ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತು. ಹೊರಗೆ 40 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ ಅರ್ಧ ತಾಸಿನಲ್ಲಿ 55 ದಾಟುತ್ತದೆ. ಗ್ಲಾಸ್ ಒಂದಿಂಚು ಇಳಿಸಿದ್ದರೂ ಅಷ್ಟೇ. 112ಕ್ಕೆ ಒಬ್ಬರು ಫೋನ್ ಮಾಡಲಿ, ಇನ್ನೊಬ್ಬರು ಗ್ಲಾಸ್ ಒಡೆಯಲಿ. ಮಗುವಿನಿಂದ ದೂರದ ಪಕ್ಕದ ಕಿಟಕಿ ಆರಿಸಿ. ಮುಂದಿನ ಗಾಜಿಗೆ ಹೊಡೆಯಬೇಡಿ, ಅದು ಬಿರುಕು ಬಿಟ್ಟು ಅಲ್ಲೇ ನಿಲ್ಲುತ್ತದೆ. ಪಕ್ಕದ ಗಾಡಿಯವರ ವ್ಹೀಲ್ ಪಾನಾ ಇಸಕೊಂಡು, ಅದರ ಚೂಪು ತುದಿಯಿಂದ ಕಿಟಕಿಯ ಮೂಲೆಗೆ ಹೊಡೆಯಿರಿ. ನಡುವೆ ಹೊಡೆದರೆ ಪಾನಾ ಪುಟಿದು ಬರುತ್ತದೆ. ಮೂಲೆಗೆ ಬಿದ್ದರೆ ಇಡೀ ಗ್ಲಾಸ್ ಕಲ್ಲುಸಕ್ಕರೆ ಹರಳಿನ ಹಾಗೆ ಉದುರುತ್ತದೆ. ಕೈಗೆ ಟವೆಲ್ ಸುತ್ತಿಕೊಳ್ಳಿ. ಮಾಲೀಕರು ಬರಲಿ ಎಂದು ಕಾಯುತ್ತಾ ನಿಲ್ಲಬೇಡಿ.

ಪ್ರಶ್ನೆ: ನಮ್ಮದು ಬಟನ್ ಸ್ಟಾರ್ಟ್ ಕಾರು. ಚಾವಿಯ ಬ್ಯಾಟರಿ ಪೂರ್ತಿ ಸತ್ತರೆ ಡೋರ್ ತೆಗೆಯುವುದು ಹೇಗೆ? (ಬೀದರ್‌ನ ಓದುಗರು)

ಉತ್ತರ: ರಿಮೋಟಿನ ಪಕ್ಕದ ಚಿಕ್ಕ ಗುಂಡಿ ಒತ್ತಿ ಎಳೆಯಿರಿ, ಒಳಗಿನಿಂದ ಲೋಹದ ಚಾವಿ ಬರುತ್ತದೆ. ಡ್ರೈವರ್ ಡೋರಿನ ಹ್ಯಾಂಡಲ್ ಹತ್ತಿರ ಅದರ ರಂಧ್ರ ಇರುತ್ತದೆ. ಕೆಲವು ಕಾರುಗಳಲ್ಲಿ ಅದಕ್ಕೆ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಡೋರ್ ತೆಗೆದಾಗ ಅಲಾರಂ ಕೂಗಿಕೊಳ್ಳಬಹುದು, ಗಾಬರಿ ಬೇಡ. ಬ್ರೇಕ್ (ಮ್ಯಾನುಯಲ್ ಗೇರ್ ಕಾರಾದರೆ ಕ್ಲಚ್ ಕೂಡ) ಒತ್ತಿ ಹಿಡಿದು, ಸತ್ತ ರಿಮೋಟಿನಿಂದಲೇ ಸ್ಟಾರ್ಟ್ ಬಟನ್ ಒತ್ತಿ. ಹೆಚ್ಚಿನ ಕಾರುಗಳು ಹೀಗೆಯೇ ಸ್ಟಾರ್ಟ್ ಆಗುತ್ತವೆ, ಕೆಲವಕ್ಕೆ ರಿಮೋಟ್ ಇಡುವ ಜಾಗ ಬೇರೆ ಇರುತ್ತದೆ. ನಿಮ್ಮದು ಯಾವುದು ಎಂದು ಇವತ್ತೇ ಮ್ಯಾನುಯಲ್ ತೆಗೆದು ನೋಡಿ.