ಪ್ರತಿಕ್ರಿಯೆ: 12 ವರ್ಷ ಹಳೆಯ ಸ್ತನ ಇಂಪ್ಲಾಂಟ್ ಬದಲಿಸಲು ಎರಡು ದರ ಯಾಕೆ?
ಬೆಂಗಳೂರಲ್ಲೇ ಒಬ್ಬರು 1.4 ಲಕ್ಷ, ಇನ್ನೊಬ್ಬರು 2.6 ಲಕ್ಷ ಹೇಳಿದ್ದಾರೆ, ಎಡಗಡೆಯದು ಗಟ್ಟಿಯಾಗಿದೆ ಅಂತ ಬರೆದಿದ್ದೀರಿ. ವ್ಯತ್ಯಾಸ ಬಹುಶಃ ಆ ಗಟ್ಟಿಯಲ್ಲೇ ಇದೆ. ಹಳೆಯದನ್ನು ತೆಗೆದು ಅದೇ ಜಾಗಕ್ಕೆ ಹೊಸದು ಕೂರಿಸುವುದು ಸಣ್ಣ ಕೆಲಸ. ಆದರೆ ಇಂಪ್ಲಾಂಟ್ ಸುತ್ತ ದೇಹವೇ ಕಟ್ಟಿಕೊಂಡ ಪೊರೆ ಬಿಗಿದಿದ್ದರೆ ಅದನ್ನೂ ಬಿಡಿಸಬೇಕು. ಪಕ್ಕೆಲುಬಿಗೆ ಅಂಟಿದ್ದರೆ ಆಪರೇಷನ್ ಥಿಯೇಟರ್ ಸಮಯ, ಅರಿವಳಿಕೆ, ಡ್ರೈನ್ (ಒಳಗಿನ ದ್ರವ ಹೊರತೆಗೆಯುವ ಕೊಳವೆ) ಎಲ್ಲ ಏರುತ್ತವೆ. ಪೊರೆ ಹಾಗೇ ಬಿಟ್ಟು ಬರೀ ಬದಲಿಸಿದರೆ ಮತ್ತೆ ಗಟ್ಟಿಯಾಗಬಹುದು, ಅಗ್ಗದ ದರ ಆಗ ದುಬಾರಿ.

ಮೊದಲು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ. ಸಿಲಿಕೋನ್ ಒಳಗೇ ಒಡೆದಿದ್ದರೂ ಎಷ್ಟೋ ಸಲ ಹೊರಗೆ ಗೊತ್ತಾಗುವುದಿಲ್ಲ. ಕೊಟೇಶನ್‌ನಲ್ಲಿ ಕ್ಯಾಪ್ಸುಲೆಕ್ಟಮಿ (ಆ ಪೊರೆ ತೆಗೆಯುವುದು), ಲಿಫ್ಟ್ (ಜೋತ ಸ್ತನ ಎತ್ತಿ ಕೂರಿಸುವುದು), ಬಯಾಪ್ಸಿ, 18% ಜಿಎಸ್‌ಟಿ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಸೌಂದರ್ಯಕ್ಕೆಂದು ಹಾಕಿಸಿದ್ದಾದರೆ ವಿಮೆ ನೆಚ್ಚಬೇಡಿ. ಕ್ಯಾನ್ಸರ್ ನಂತರದ ಮರುರಚನೆಯಾದರೆ ಕೇಳಿ ನೋಡಿ.

ಹಳೆಯ ಇಂಪ್ಲಾಂಟ್ ಕಾರ್ಡ್ (ಹಾಕಿಸಿದಾಗ ಕೊಟ್ಟ, ಇಂಪ್ಲಾಂಟ್ ವಿವರ ಇರುವ ಚೀಟಿ) ಹುಡುಕಿ. ಒಡೆದದ್ದಕ್ಕೆ ಹಲವು ತಯಾರಕರು ಇಂಪ್ಲಾಂಟ್ ಉಚಿತವಾಗಿ ಕೊಡುತ್ತಾರೆ, ಸರ್ಜರಿ ಖರ್ಚು ಮಾತ್ರ ನಿಮ್ಮದೇ ಆಗಬಹುದು. ಕಾರ್ಡ್‌ನಲ್ಲಿ ಅಲರ್ಗನ್ ಬಯೋಸೆಲ್ (ಅಲರ್ಗನ್ ಕಂಪನಿಯ ಒರಟು ಮೇಲ್ಮೈಯ ಇಂಪ್ಲಾಂಟ್) ಅಂತಿದ್ದರೆ ಸರ್ಜನ್‌ಗೆ ತಪ್ಪದೆ ತಿಳಿಸಿ: ಲಿಂಫೋಮಾ ಎಂಬ ಅಪರೂಪದ ಕ್ಯಾನ್ಸರ್ ಕಾರಣಕ್ಕೆ 2019ರಲ್ಲಿ ಕಂಪನಿ ಅವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದಿದೆ. ಒಂದೇ ಕಡೆ ಹಠಾತ್ ಊದಿಕೊಂಡರೆ ಅದು ಈ ಕ್ಯಾನ್ಸರ್‌ನ ಲಕ್ಷಣವೂ ಇರಬಹುದು; ದರ ಹೋಲಿಸುತ್ತ ಕೂರಬೇಡಿ, ಇಂಪ್ಲಾಂಟ್ ಸುತ್ತ ತುಂಬಿದ ದ್ರವವನ್ನು ಪರೀಕ್ಷೆ ಮಾಡಿಸಿ.