ಹಿಂಸೆ ಹುಟ್ಟುಗುಣವೇ, ಸಮಾಜ ಕಲಿಸುವುದೇ?

"ಕೆಲವರು ಹುಟ್ಟಿನಿಂದಲೇ ಕ್ರೂರಿಗಳು, ಇದರಲ್ಲಿ ಸಮಾಜದ ತಪ್ಪೇನು?" ಎಂದು ಕೇಳಿದ್ದೀರಿ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನು. ನಮ್ಮ ಕಡೆಯ ಒಂದು ಕೊಳಗದಿಂದಲೇ, ಅಂದರೆ ಭತ್ತ ಅಳೆಯುವ ಪಾತ್ರೆಯಿಂದಲೇ, ಶುರು ಮಾಡುತ್ತೇನೆ.

ಸಾಗರದ ಹತ್ತಿರದ ಕಾಗೋಡು ಎಂಬ ಹಳ್ಳಿಯಲ್ಲಿ ಗೇಣಿ ಭತ್ತ ಅಳೆಯಲು ಜಮೀನಿನ ಒಡೆಯರು ಮಾಮೂಲಿಗಿಂತ ದೊಡ್ಡ ಕೊಳಗ ಇಟ್ಟುಕೊಂಡಿದ್ದರು. ಅದಕ್ಕೆ ಯಾರ ಮೇಲೂ ಕೈ ಎತ್ತಬೇಕಿರಲಿಲ್ಲ. ಅಳತೆಯಲ್ಲೇ ಗೇಣಿದಾರನ ಮನೆಯ ಅನ್ನ ಸುಮ್ನೆ ಕಡಿಮೆಯಾಗುತ್ತಿತ್ತು. 1969ರಲ್ಲಿ ನಾರ್ವೆಯ ಸಮಾಜಶಾಸ್ತ್ರಜ್ಞ ಯೋಹಾನ್ ಗಾಲ್ಟುಂಗ್ ಇಂಥದ್ದಕ್ಕೇ ವ್ಯವಸ್ಥೆಯ ಹಿಂಸೆ ಎಂಬ ಅರ್ಥದ ಹೆಸರು ಕೊಟ್ಟರು. ಹೊಡೆದವನು ಕಾಣುವುದಿಲ್ಲ, ಪೆಟ್ಟು ಮಾತ್ರ ಬೀಳುತ್ತದೆ.

ಆ ಪೆಟ್ಟು ಎಲ್ಲಿಗೆ ಹೋಗುತ್ತದೆ? ಮೇಲಿನವರಿಗೆ ತಿರುಗಿ ಹೇಳಲಾಗದಿದ್ದರೆ ಸಿಟ್ಟು ಕೆಳಗಿಳಿಯುತ್ತದೆ. ಹೆಂಡತಿ ಮೇಲೆ, ಮಕ್ಕಳ ಮೇಲೆ, ತನಗಿಂತ ಬಡವನ ಮೇಲೆ. ಮನೆಯಲ್ಲಿ ಹೊಡೆತ ನೋಡಿ ಬೆಳೆದ ಹುಡುಗ ಅದನ್ನೇ ಗಂಡಸುತನ ಅಂದುಕೊಳ್ಳಬಹುದು. ಓದಿಯೂ ಕೆಲಸವಿಲ್ಲದೆ ಕೂತವನಿಗೆ ಮರ್ಯಾದೆ ಕೊಡುವ ಗುಂಪೊಂದು ಸಿಕ್ಕರೆ, ಅದು ಹೇಳಿದ್ದನ್ನು ಮಾಡಲು ಅವನು ತಯಾರಾಗುತ್ತಾನೆ. ಸ್ವಭಾವವೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಸಿಟ್ಟು ಬಂದವನಿಗೆ ಯಾವ ದಾರಿ ತೆರೆದಿದೆ ಅನ್ನೋದು ನನ್ನ ಮಟ್ಟಿಗೆ ಜಾಸ್ತಿ ಮುಖ್ಯ.

ಕಾಗೋಡಿನಲ್ಲಿ ಒಂದು ದಾರಿ ಇತ್ತು. ಗೇಣಿದಾರರಿಗೆ ಸಂಘಟನೆ ಇತ್ತು, ಗಣಪತಿಯಪ್ಪನವರಂಥ ಮುಂದಾಳು ಇದ್ದರು. ಹಾಗಾಗಿ 1951ರಲ್ಲಿ ಅವರು ಕತ್ತಿ ಹಿಡಿಯದೆ ಸತ್ಯಾಗ್ರಹಕ್ಕೆ ಇಳಿದರು, ಜೈಲಿಗೆ ಹೋದರು. ಸಮಾಜವಾದಿ ನಾಯಕ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಅಷ್ಟಾದರೂ ಗೇಣಿ ಪದ್ಧತಿಯನ್ನೇ ತೆಗೆದುಹಾಕುವ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಅವರು 23 ವರ್ಷ ಕಾದರು.